ಲಶಾನ್ಸ್ ಮೈದಾನದ ಹುಲ್ಲು ಜಗಳ

ಮಾರ್ಚ್ 9, ಭಾನುವಾರ

ದಿನಚರಿ ಬರೆಯಲು ಹೇಳಿದವಳು ನನ್ನ ತಂಗಿ ಈವೆಟ್. "ಅಕ್ಕಾ, ಮನಸ್ಸಲ್ಲಿರೋದನ್ನೆಲ್ಲ ನೀನು ಫೋನಲ್ಲಿ ನನ್ನ ಹತ್ರ ಹೇಳ್ಕೊಳ್ತಾ ಕೂತ್ರೆ ನನ್ನ ಅಡುಗೆ ಸೀದುಹೋಗುತ್ತೆ. ಒಂದು ಕಡೆ ಬರೆದಿಡು, ಯಾರಿಗೂ ತೋರಿಸಬೇಡ" ಎಂದಳು. ತೋರಿಸಲು ಯಾರಿದ್ದಾರೆ? ನನ್ನ ಗಂಡ ಲೂಸಿಯನ್ ಅಕ್ಟೋಬರ್‌ನಲ್ಲಿ ತೀರಿಹೋದ. ಮನೆಯಲ್ಲಿ ಉಳಿದಿರುವುದು ನಾನು ಮತ್ತು ಅವನ ಮುದಿ ನಾಯಿ. ಅದಕ್ಕೆ ಪೆನಾಲ್ಟಿ ಎಂದು ಹೆಸರಿಟ್ಟವನು ಅವನು. ರಸ್ತೆಯಲ್ಲಿ ನಿಂತು "ಪೆನಾಲ್ಟಿ! ಪೆನಾಲ್ಟಿ!" ಎಂದು ಕೂಗಬೇಕಾದವಳು ಈಗ ನಾನು.

ಅವನು ಮೂವತ್ತು ವರ್ಷ ಈ ಟಾಲ್ಕಟ್ ಊರಿನ ಮಕ್ಕಳಿಗೆ ಸಾಕರ್ ಕಲಿಸಿದ. ನಮ್ಮ ಸಂಸಾರದ ಶನಿವಾರಗಳೆಲ್ಲ ಮೈದಾನಕ್ಕೆ ಹೋದವು. ಭಾನುವಾರಗಳು ನನ್ನವಾಗಿದ್ದವು, ಆದರೆ ಅವತ್ತು ಅವನು ನಿದ್ದೆ ಮಾಡುತ್ತಿದ್ದ. ಈಗ ಊರಿನವರು ಆ ಮೈದಾನಕ್ಕೆ ಅವನದೇ ಹೆಸರಿಟ್ಟಿದ್ದಾರೆ. ಫಲಕ ನೋಡಲು ನಾನಿನ್ನೂ ಹೋಗಿಲ್ಲ. ಹೋಗುವುದೂ ಇಲ್ಲ. ನನ್ನ ಸವತಿಯನ್ನು ನಾನೇಕೆ ಹೋಗಿ ಮಾತನಾಡಿಸಲಿ?

ರಾತ್ರಿಗೆ ಡಬ್ಬಿಯ ಸೂಪು. ಸಿಂಕಿನ ಮುಂದೆ ನಿಂತೇ ಕುಡಿದೆ. ಕೂತು ಉಣ್ಣಬೇಕೆಂದರೆ ಮೇಜು ಒರೆಸಬೇಕು.

ಮಾರ್ಚ್ 15, ಶನಿವಾರ

ಬೆಳಿಗ್ಗೆ ಬಾಗಿಲು ಬಡಿದವಳು ಮರಿಸೋಲ್ ಕಿನ್ಯೋನೆಸ್. ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ, ಹನ್ನೆರಡು ವರ್ಷದ ಹುಡುಗಿಯರ ತಂಡಕ್ಕೆ ಕೋಚ್. ತಾನೇ ಆ ವಯಸ್ಸಿನವಳಾಗಿದ್ದಾಗ ಲೂಸಿಯನ್ ಕೈಕೆಳಗೆ ಆಡಿದವಳು. ಒಂದು ಕೈಯಲ್ಲಿ ಕೇಕು, ಇನ್ನೊಂದರಲ್ಲಿ ಕಾಲೊರೆಸುವ ಚಾಪೆಯಷ್ಟು ದೊಡ್ಡ ಪ್ಲಾಸ್ಟಿಕ್ ಹುಲ್ಲಿನ ತುಂಡು.

"ಮಿಸೆಸ್ ಲಶಾನ್ಸ್, ಮುಟ್ಟಿ ನೋಡಿ. ಎಷ್ಟು ಮೆತ್ತಗಿದೆ!"

ಮುಟ್ಟಿದೆ. ಪಾತ್ರೆ ಉಜ್ಜುವ ಬ್ರಷ್ಷಿನ ಹಾಗಿತ್ತು. "ಮೆತ್ತಗಿದೆ" ಎಂದೆ. ಕೇಕು ನಿಂಬೆಯದಾಗಿತ್ತು.

"ಕಳೆದ ವರ್ಷ ನಮ್ಮ ಹುಡುಗೀರ ಆಟ ಅರ್ಧಕ್ಕರ್ಧ ಮಳೆಗೆ ರದ್ದಾಯ್ತು. ಚರ್ಚಿನ ಪಾರ್ಕಿಂಗ್ ಜಾಗದಲ್ಲಿ ಪ್ರಾಕ್ಟೀಸ್ ಮಾಡಿಸ್ತೀನಿ, ಗೊತ್ತಾ ನಿಮಗೆ? ಬಿದ್ರೆ ಮಂಡಿ ಚರ್ಮ ಕಿತ್ತು ಬರುತ್ತೆ. ಕೋಚ್ ಹೆಸರಿನ ಮೈದಾನಕ್ಕೆ ಇದನ್ನ ಹಾಸಿದ್ರೆ ಮಳೆ ನಿಂತ ತಕ್ಷಣ ಆಡಬಹುದು. ಕೋಚ್ ಇದ್ದಿದ್ರೆ ಇದನ್ನೇ ಬಯಸ್ತಿದ್ರು. ಜೂನ್ ತಿಂಗಳ ಊರಸಭೇಲಿ ಊರವರೆಲ್ಲ ಇದಕ್ಕೆ ಮತ ಹಾಕ್ತಾರೆ, ನೀವು ಎದ್ದು ನಿಂತು ಅಷ್ಟು ಹೇಳಿದ್ರೆ ಸಾಕು."

"ನೋಡೋಣ" ಎಂದೆ. ಕೇಕಿನ ಅರ್ಧ ಮಧ್ಯಾಹ್ನಕ್ಕೇ ಮುಗಿಯಿತು. ಪೆನಾಲ್ಟಿಯ ಪಾಲು ಸಣ್ಣದು.

ಮಾರ್ಚ್ 16, ಭಾನುವಾರ

ಈ ಊರಿನಲ್ಲಿ ಸುದ್ದಿ ಅಂಚೆಗಿಂತ ಬೇಗ ಓಡುತ್ತದೆ. ಇವತ್ತು ಹಾರ್ಲನ್ ಸ್ಟ್ರೌಡ್ ಬಂದ. ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದವನು, ಈಗ ನಿವೃತ್ತ. ಮೈದಾನದ ಪಕ್ಕದ ಹಳ್ಳದ ದಡದಲ್ಲಿ ಅವನ ಮನೆ. ಲೂಸಿಯನ್‌ನ ಮೀನುಗಾರಿಕೆಯ ಜೊತೆಗಾರ. ಒಂದು ಕೈಯಲ್ಲಿ ಮೇಪಲ್ ಮರದ ರಸದಿಂದ ಅವನೇ ಕಾಯಿಸಿದ ಸಿಹಿ ಪಾಕದ ಬಾಟಲಿ, ಇನ್ನೊಂದರಲ್ಲಿ ತಟ್ಟೆಯ ತುಂಬ ಮಣ್ಣು, ಮಣ್ಣಿನ ಮೇಲೆ ಹಸಿರು ಹುಲ್ಲು. ಹೊರಗೆ ಹಿಮ ಇನ್ನೂ ಕರಗಿಲ್ಲ, ಅಡುಗೆಮನೆ ಕಿಟಕಿಯಲ್ಲಿ ಬೆಳೆಸಿದ್ದಾನೆ.

"ಕ್ಲಾಡೆಟ್, ಆ ಪ್ಲಾಸ್ಟಿಕ್ ಎಳೆಗಳ ಮಧ್ಯೆ ಏನು ತುಂಬ್ತಾರೆ ಗೊತ್ತೇನು? ಹಳೇ ಕಾರಿನ ಟೈರು! ಪುಡಿ ಮಾಡಿ! ಟನ್ನುಗಟ್ಟಲೆ! ಮಳೆ ಬಂದ್ರೆ ಅದೆಲ್ಲ ಎಲ್ಲಿಗೆ ಹೋಗುತ್ತೆ? ನಾನೂ ಲೂಸಿಯನ್ನೂ ಮೀನು ಹಿಡೀತಿದ್ದ ಹಳ್ಳಕ್ಕೆ!"

"ನೀವಿಬ್ಬರೂ ಅಲ್ಲಿ ಒಂದಾದರೂ ಮೀನು ಹಿಡಿದದ್ದನ್ನ ನಾನು ನೋಡಿಲ್ಲ, ಹಾರ್ಲನ್."

"ಅದು ಬೇರೆ ವಿಷಯ. ಲೂಸಿಯನ್ ಬದುಕಿದ್ದಿದ್ರೆ ಆ ಪ್ಲಾಸ್ಟಿಕ್ಕಿಗೆ ಅಡ್ಡ ಮಲಗ್ತಿದ್ದ."

ಮಲಗುತ್ತಿದ್ದದ್ದಂತೂ ನಿಜ. ಭಾನುವಾರ ಅವನು ಎಲ್ಲಿ ಬೇಕಾದರೂ ಮಲಗುತ್ತಿದ್ದ.

ಹಾರ್ಲನ್ ರಸಾಯನಗಳ ಹೆಸರು ಹೇಳುತ್ತಾ ಹೋದ. ನಾನು ಪಾಕದ ಬಾಟಲಿ ನೋಡುತ್ತಾ ಕೂತೆ. ಅವನು ಎದ್ದು ಹೋಗುವಾಗ ಕತ್ತಲಾಗಿತ್ತು.

ಮಾರ್ಚ್ 21, ಶುಕ್ರವಾರ

ಎರಡು ತುಂಡುಗಳನ್ನೂ ಜಗಲಿಯ ಮೇಲೆ ಇಟ್ಟಿದ್ದೆ, ಬೇರೆ ಜಾಗವಿಲ್ಲದ್ದಕ್ಕೆ. ಪೆನಾಲ್ಟಿ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಮಲಗಿ ನಿದ್ದೆ ಮಾಡುತ್ತದೆ. ಎದ್ದು ನಿಜವಾದ ಹುಲ್ಲಿನ ಮೇಲೆ ಕಾಲೆತ್ತುತ್ತದೆ. ಎದುರು ಮನೆಯವಳು ಫೋಟೋ ತೆಗೆದು ಊರಿನ ವಾರಪತ್ರಿಕೆಗೆ ಕೊಟ್ಟಿದ್ದಾಳೆ. "ಕೋಚ್ ನಾಯಿಯ ತೀರ್ಪು" ಎಂದು ತಲೆಬರಹ.

ಮರಿಸೋಲ್ ಫೋನ್ ಮಾಡಿದಳು. "ನೋಡಿದ್ರಾ? ನಾಯಿಗೂ ಗೊತ್ತು ಯಾವುದು ಆರಾಮ ಅಂತ!"

ಅವಳು ಇಟ್ಟ ಕೂಡಲೇ ಹಾರ್ಲನ್. "ನೋಡಿದ್ಯಾ? ಪ್ರಾಣಿಗಳು ಪ್ರಕೃತಿಯನ್ನೇ ಆರಿಸ್ಕೊಳ್ಳೋದು!"

ಊರಿನಲ್ಲಿ ಮನೆಮನೆಯ ಮುಂದೆ ಬೋರ್ಡುಗಳೆದ್ದಿವೆ. ಹಳದಿಯವು "ಮಕ್ಕಳಿಗೆ ಆಟ ಕೊಡಿ", ಹಸಿರಿನವು "ನಮ್ಮ ಮಣ್ಣು ಉಳಿಸಿ". ಕ್ಷೌರದ ಅಂಗಡಿಯ ಅಣ್ಣತಮ್ಮಂದಿರು ಎರಡು ಬಣ್ಣವಾಗಿದ್ದಾರಂತೆ, ಕತ್ತರಿಸುವಾಗ ಒಬ್ಬರೊಡನೊಬ್ಬರು ಮಾತಾಡುವುದಿಲ್ಲವಂತೆ. ಎರಡೂ ಬೋರ್ಡುಗಳಲ್ಲಿ ಲೂಸಿಯನ್‌ನ ಮುಖವಿದೆ. ಒಂದೇ ಫೋಟೋ. ಅದರಲ್ಲಿ ಅವನು ನಗುತ್ತಿರುವುದು ನಾನು ಕ್ಯಾಮೆರಾ ತಲೆಕೆಳಗಾಗಿ ಹಿಡಿದಿದ್ದೆ ಎಂದು.

ಏಪ್ರಿಲ್ 12, ಶನಿವಾರ

ಮೈದಾನಕ್ಕೆ ಹೋಗಿದ್ದೆ. ಹೋಗಬೇಕೆಂದೇನಿರಲಿಲ್ಲ. ನಾಯಿಯನ್ನು ನಡೆಸಲು ಹೊರಟೆ, ನಾಯಿಯ ಕಾಲು ಹಳೆಯ ದಾರಿ ಹಿಡಿಯಿತು.

ಬೆಳಿಗ್ಗೆ ಹುಡುಗರ ಆಟ ಮುಗಿದಿತ್ತು. ಮಧ್ಯಾಹ್ನ ಮರಿಸೋಲಳ ಹುಡುಗಿಯರು ಇಳಿಯುವ ಹೊತ್ತಿಗೆ ಮೈದಾನದಲ್ಲಿ ಹುಲ್ಲು ಎಂಬುದು ನಾಲ್ಕು ಮೂಲೆಗಳಲ್ಲಿ ಮಾತ್ರ. ನಡುವೆಲ್ಲ ಕೆಸರು. ಮೂಲೆಗಳನ್ನು ಹೆಬ್ಬಾತುಗಳು ಹಿಡಿದಿದ್ದವು, ಅವುಗಳ ಹಿಕ್ಕೆಯ ಮೇಲೆ ಕಾಲಿಡದೆ ಕಾರ್ನರ್ ಕಿಕ್ ಹೊಡೆಯಲಾಗದು. ಒಂದು ಹುಡುಗಿ ಗೋಲಿಗೆ ಗುರಿಯಿಟ್ಟು ಒದ್ದಳು. ಚೆಂಡು ಹೋಗಿ ಕೊಚ್ಚೆಯ ನಡುವೆ ಕೂತುಬಿಟ್ಟಿತು. ಎಂಟು ಹುಡುಗಿಯರು ಸುತ್ತ ನಿಂತು ಅದನ್ನು ಒದೆಯುತ್ತಿದ್ದರು, ಅದು ಅಲ್ಲಾಡಲಿಲ್ಲ. ಗೋಲು ಕಾಯುವ ಇಮಾನಿ ಎಂಬ ಉದ್ದನೆಯ ಹುಡುಗಿ ಮುಂದೆ ಓಡಿಬಂದಳು, ಬೂಟು ಹಿಂದೆಯೇ ಉಳಿಯಿತು. ಬರಿಗಾಲಲ್ಲೇ ಚೆಂಡು ಹಿಡಿದಳು. ನಾನು ಚಪ್ಪಾಳೆ ತಟ್ಟಿದೆ, ಚಳಿಗೆ ಕೈ ಮರಗಟ್ಟಿತ್ತು.

ಮಧ್ಯಂತರದಲ್ಲಿ ಶೌಚಾಲಯ ಹುಡುಕಿದರೆ ಮರದ ಹಿಂದೆ ಒಂದು ಪ್ಲಾಸ್ಟಿಕ್ ಡಬ್ಬ, ಅದಕ್ಕೂ ಬೀಗ. ಹುಡುಗರು ಪೊದೆಯ ಹಿಂದೆ ಹೋಗಿಬರುತ್ತಾರೆ. ಅರವತ್ತೊಂಬತ್ತರ ಹೆಂಗಸು ಎಲ್ಲಿಗೆ ಹೋಗಬೇಕು? ಪೆಟ್ರೋಲ್ ಬಂಕಿಗೆ. ಅಲ್ಲಿ ಏನಾದರೂ ಕೊಳ್ಳದೆ ಕೀಲಿಕೈ ಕೊಡುವುದಿಲ್ಲ. ಚ್ಯೂಯಿಂಗ್ ಗಮ್ ಕೊಂಡೆ. ನಾನು ಗಮ್ ತಿನ್ನುವುದಿಲ್ಲ, ಕಟ್ಟಿಸಿದ ಹಲ್ಲಿಗೆ ಅಂಟುತ್ತದೆ.

ವಾಪಸು ಬರುವಷ್ಟರಲ್ಲಿ ಮೂರು ಗೋಲು ಆಗಿಹೋಗಿದ್ದವು, ನೋಡಲೇ ಇಲ್ಲ. ಮನೆಗೆ ಬರುವವರೆಗೂ ಸಿಟ್ಟು ಇಳಿಯಲಿಲ್ಲ.

ಏಪ್ರಿಲ್ 26, ಶನಿವಾರ

ಮತ್ತೆ ಮೈದಾನ. ಮತ್ತೆ ಗಮ್.

ಮೇ 17, ಶನಿವಾರ

ಪಕ್ಕದ ಊರಿನಲ್ಲಿ ಪ್ಲಾಸ್ಟಿಕ್ ಮೈದಾನವಿದೆ. ಅದನ್ನು ನನಗೆ ತೋರಿಸುತ್ತೇನೆಂದು ಮರಿಸೋಲ್ ಹೊರಟಳು. ಅವಳೊಬ್ಬಳೇ ತೋರಿಸಿದರೆ ಮೋಸವೆಂದು ಹಾರ್ಲನ್ ಹಿಂದಿನ ಸೀಟಿನಲ್ಲಿ ಹತ್ತಿ ಕೂತ, ತೊಡೆಯ ಮೇಲೆ ಥರ್ಮಾಮೀಟರು, ಜೇಬಿನಲ್ಲಿ ಒಂದು ಮೊಟ್ಟೆ. ಅವನ ಪಕ್ಕದಲ್ಲಿ ಪೆನಾಲ್ಟಿ.

"ಮೊಟ್ಟೆ ಯಾಕೆ ಸರ್?" ಮರಿಸೋಲ್ ಕೇಳಿದಳು. ಅವನಿಂದ ಪಾಠ ಹೇಳಿಸಿಕೊಂಡವಳು, ಜಗಳದಲ್ಲೂ ಸರ್ ಬಿಡುವುದಿಲ್ಲ.

"ಆ ಪ್ಲಾಸ್ಟಿಕ್ ಎಷ್ಟು ಕಾಯುತ್ತೆ ಅಂದ್ರೆ ಇದನ್ನ ಹುರೀಬಹುದು."

"ಸರ್, ಜನ ಅಲ್ಲಿ ಆಡೋಕೆ ಹೋಗ್ತಾರೆ, ತಿಂಡಿಗಲ್ಲ."

ಸೆಖೆಯ ದಿನ. ಹಾರ್ಲನ್ ನಡು ಮೈದಾನದಲ್ಲಿ ಮೊಣಕಾಲೂರಿ ಮೊಟ್ಟೆ ಒಡೆದ. ನಾಯಿಯೂ ಸೇರಿ ನಾವು ಮೂವರು ಸುತ್ತ ನಿಂತು ನೋಡಿದೆವು. ಅಂಚು ಬೆಳ್ಳಗಾಗುತ್ತಿದೆ ಎಂದು ಅವನು, ಇಲ್ಲವೆಂದು ಅವಳು. ತೀರ್ಮಾನವಾಗುವ ಮೊದಲೇ ಪೆನಾಲ್ಟಿ ಅದನ್ನು ನೆಕ್ಕಿಬಿಟ್ಟಿತು. ಆದರೆ ಥರ್ಮಾಮೀಟರು ಸುಳ್ಳು ಹೇಳಲಿಲ್ಲ. ನನ್ನ ಅಂಗಾಲಿಗೂ ಶೂ ಒಳಗಿಂದಲೇ ಬಿಸಿ ತಟ್ಟಿತು. ಅದನ್ನು ಹೇಳಿದಾಗ ಮರಿಸೋಲ್ ಮುಖ ಸಪ್ಪಗಾಯಿತು.

ಆಮೇಲೆ ಅವಳು ಚೆಂಡು ತಂದು ನನ್ನ ಕಾಲ ಮುಂದೆ ಇಟ್ಟಳು. "ಒದ್ದು ನೋಡಿ. ಎಷ್ಟು ನೇರ ಹೋಗುತ್ತೆ ಅಂತ."

ಇಷ್ಟು ವರ್ಷದಲ್ಲಿ ನಾನು ಚೆಂಡು ತೊಳೆದಿದ್ದೇನೆ, ಒರೆಸಿದ್ದೇನೆ, ಸೋಫಾದ ಕೆಳಗಿಂದ ತೆಗೆದಿದ್ದೇನೆ. ಒದ್ದಿರಲಿಲ್ಲ. ಪರೀಕ್ಷೆಗೆಂದು ಒಂದು ಒದೆ ಒದ್ದೆ. ನೇರ ಹೋಯಿತು. ಸರಿಯಾಗಿ ಗೊತ್ತಾಗಲಿಲ್ಲವೆಂದು ಇನ್ನೂ ಕೆಲವು ಒದ್ದೆ. ಕೊನೆಗೆ ಹಾರ್ಲನ್ ಗೋಲಿನಲ್ಲಿ ನಿಂತ, ತೋಳು ಚಾಚಿಕೊಂಡು. ಅವನ ಕಾಲ ಸಂದಿಯಿಂದ ಚೆಂಡು ಬಲೆಗೆ ಹೋಯಿತು. ಮರಿಸೋಲ್ ನನ್ನನ್ನು ಎತ್ತಿ ತಿರುಗಿಸಿದಳು. ಸೊಂಟ ನೋಯುತ್ತಿದೆ, ಅವಳದೇ ತಪ್ಪು.

ಸ್ನಾನ ಮಾಡುವಾಗ ಮೈಯ ಎಲ್ಲೆಲ್ಲಿಂದಲೋ ಟೈರಿನ ಕಪ್ಪು ಕಾಳು ಉದುರಿದವು. ಎಲ್ಲೆಲ್ಲಿಂದ ಎಂದು ದಿನಚರಿಯಲ್ಲೂ ಬರೆಯಲಾರೆ. ಇವೆಲ್ಲ ಹಳ್ಳಕ್ಕೆ ಹೋಗುತ್ತವೆ ಎಂದರೆ ನಂಬಬಹುದು. ನನ್ನ ಬಚ್ಚಲಲ್ಲೇ ಅರ್ಧ ಟೈರು ಇದೆ.

ಇಬ್ಬರೂ ಹೇಳುವುದು ನಿಜ. ಅದೇ ತಲೆನೋವು.

ಮೇ 24, ಶನಿವಾರ

ಹುಡುಗಿಯರಿಗೆಂದು ಮಾಂಸದ ಕಡುಬು ಮಾಡಿ ಒಯ್ದಿದ್ದೆ, ಅಮ್ಮ ಕ್ರಿಸ್‌ಮಸ್‌ಗೆ ಮಾಡುತ್ತಿದ್ದ ಬಗೆ. ಮೇ ತಿಂಗಳಲ್ಲಿ ಯಾರೂ ಮಾಡುವುದಿಲ್ಲ, ಆದರೆ ಹಸಿದವರಿಗೆ ಪಂಚಾಂಗವೇನು? ಮಳೆ ಬಂದು ಹೋಗಿತ್ತು. ಎಂದಿನಂತೆ ಬೆಳಿಗ್ಗೆ ಹುಡುಗರು ಆಡಿ ಮೈದಾನವನ್ನು ಕಲಸಿಟ್ಟಿದ್ದರು. ಕೊನೆಗೆ ಹುಡುಗಿಯರ ಆಟ ರದ್ದು. ಎಲ್ಲರೂ ಕಾರುಗಳ ಹಿಂದೆ ಕೂತು ಕಡುಬು ತಿಂದರು.

ಇಮಾನಿಯನ್ನು ಕೇಳಿದೆ, "ಯಾವಾಗಲೂ ನೀವೇ ಯಾಕೆ ಮಧ್ಯಾಹ್ನ?"

"ಅದೇ ರೂಲು, ಮಿಸೆಸ್ ಲಶಾನ್ಸ್. ಮೊದಲು ಹುಡುಗರು."

"ಯಾರು ಮಾಡಿದ್ದು ಆ ರೂಲು?"

ಹುಡುಗಿ ಮರಿಸೋಲಳ ಮುಖ ನೋಡಿದಳು. ಮರಿಸೋಲ್ ಕಡುಬಿನ ಮುಖ ನೋಡಿದಳು.

"ಹೇಳು" ಎಂದೆ.

"ಕೋಚ್ ಮಾಡಿದ್ದು" ಎಂದಳು ಮರಿಸೋಲ್. "ಆಗೆಲ್ಲ ಹುಡುಗೀರ ತಂಡ ಒಂದೇ ಇತ್ತು, ಬರ್ತಿದ್ದವರೂ ಕಡಿಮೆ. ಆಮೇಲೆ ಅದು ಹಾಗೇ ಉಳ್ಕೊಂಡ್ತು. ಅವರು ತುಂಬ ಒಳ್ಳೆಯವರು, ಮಿಸೆಸ್ ಲಶಾನ್ಸ್. ನಾನು ಎಂದೂ ಕೇಳೋಕೆ ಹೋಗಲಿಲ್ಲ."

ನಾನೂ ಎಷ್ಟೋ ವಿಷಯ ಕೇಳಲು ಹೋಗಲಿಲ್ಲ. ಮನೆಗೆ ಬಂದು ಕಡುಬಿನ ತಟ್ಟೆ ತೊಳೆದಿಟ್ಟೆ. ರಾತ್ರಿ ಮೇಜು ಒರೆಸಿ, ಕೂತು ಉಂಡೆ.

ಜೂನ್ 3, ಮಂಗಳವಾರ

ನಿನ್ನೆ ಊರಸಭೆ. ಗಂಟಲು ಬಿದ್ದುಹೋಗಿದೆ, ಕೈ ಮಾತ್ರ ಕೆಲಸ ಮಾಡುತ್ತಿದೆ, ಆದ್ದರಿಂದ ಪೂರ್ತಿ ಬರೆಯುತ್ತೇನೆ.

ಶಾಲೆಯ ಜಿಮ್ ತುಂಬಿತ್ತು. ಎಡಗಡೆ ಹಳದಿ ಅಂಗಿಗಳು, ಬಲಗಡೆ ಹಸಿರು. ಎರಡೂ ಕಡೆ ಮೊದಲ ಸಾಲಿನಲ್ಲಿ ನನಗೆ ಕುರ್ಚಿ ಹಿಡಿದಿಟ್ಟಿದ್ದರು. ನಾನು ಬಾಗಿಲ ಬಳಿಯಿದ್ದ ಮಡಚುವ ಕುರ್ಚಿಯಲ್ಲಿ ಕೂತೆ.

ಮರಿಸೋಲ್ ಚೆನ್ನಾಗಿ ಮಾತಾಡಿದಳು, ಹುಡುಗಿಯರ ಮಂಡಿಯ ಫೋಟೋ ತೋರಿಸಿದಳು. "ಕೋಚ್ ಲಶಾನ್ಸ್ ಇದ್ದಿದ್ರೆ..." ಎಂದು ಮುಗಿಸಿದಳು. ಹಾರ್ಲನ್ ಬಾಟಲಿಯಲ್ಲಿ ಹಳ್ಳದ ನೀರು ತಂದಿದ್ದ. ಸಭಾಪತಿ ಮೂರು ಸಲ ಗಂಟೆ ಬಾರಿಸಿದ ಮೇಲೆ "ಲೂಸಿಯನ್ ಇದ್ದಿದ್ರೆ..." ಎಂದು ಅವನೂ ಮುಗಿಸಿದ. ಪ್ಲಾಸ್ಟಿಕ್ ಹುಲ್ಲಿನ ಪರವಾಗಿ ಬಹಳ ಕೈಗಳೆದ್ದವು, ಆದರೆ ಬೇಕಾದ ಮೂರನೇ ಎರಡು ಪಾಲಿಗೆ ಸ್ವಲ್ಪದರಲ್ಲಿ ಕಡಿಮೆ ಬಿದ್ದವು. ಹಳದಿ ಕಡೆಯಲ್ಲಿ ಯಾರೋ ಅತ್ತರು. ಹಸಿರು ಕಡೆಯವರು ಕುಣಿದರು. ಕ್ಷೌರಿಕ ಸಹೋದರರು ಒಬ್ಬರನ್ನೊಬ್ಬರು ಏನೋ ಬೈದುಕೊಂಡರು, ಅಂತೂ ಮಾತಾಡಿದರು.

ಮುಂದಿನ ಪ್ರಸ್ತಾವ ಹಾರ್ಲನ್‌ನದು. ಮೈದಾನದ ಕೆಳಗೆ ನೀರು ಹರಿಯುವ ಕೊಳವೆ ಹಾಕಿ, ಹೊಸ ಮಣ್ಣು ಹರಡಿ, ಹುಲ್ಲಿಗೆ ಒಂದು ಹಂಗಾಮು ವಿಶ್ರಾಂತಿ ಕೊಡುವುದು. ಈಗ ಹಳದಿಯವರು ಹಟ ಹಿಡಿದರು. ನಮಗೆ ಸಿಗದಿದ್ದರೆ ಯಾರಿಗೂ ಬೇಡ. ಒಬ್ಬ ಹೋಗಿ ಮೈಕ್ ಹಿಡಿದ, "ಕೋಚ್ ಏನು ಹೇಳ್ತಿದ್ರು ಅಂತ ನಾವ್ಯಾಕೆ ಕಿತ್ತಾಡಬೇಕು? ಅವರ ಹೆಂಡತಿ ಅಲ್ಲೇ ಕೂತಿದ್ದಾರಲ್ಲ. ಹೇಳಿ ಮೇಡಂ, ಕೋಚ್‌ಗೆ ಏನು ಬೇಕಿತ್ತು?"

ಇಡೀ ಜಿಮ್ ನನ್ನ ಕಡೆ ತಿರುಗಿತು. ಎದ್ದು ನಿಂತೆ. ಯಾರೋ ಮೈಕು ತಂದು ಕೈಗಿಟ್ಟರು.

"ನನಗೆ ಗೊತ್ತಿಲ್ಲ" ಎಂದೆ. "ಮಳೆ ಬಂದ ದಿನ ಅವನು ಆ ಮೈದಾನವನ್ನ ಬೈಕೊಂಡು ಬರ್ತಿದ್ದ. ಬಿಸಿಲು ಬಂದ ದಿನ ಅದನ್ನ ಹೊಗಳ್ತಾ ಬರ್ತಿದ್ದ. ಈಗ ಕೇಳೋಣ ಅಂದ್ರೆ ಅವನು ಸತ್ತಿದ್ದಾನೆ. ಮಾರ್ಚ್‌ನಿಂದ ನೀವೆಲ್ಲ ಕೇಕು ತಂದು, ಪಾಕ ತಂದು, ಅವನಿಗೇನು ಬೇಕಿತ್ತು ಅಂತ ಕೇಳಿದ್ರಿ. ನನಗೇನು ಬೇಕು ಅಂತ ಒಬ್ಬರೂ ಕೇಳಲಿಲ್ಲ."

ಸಭಾಪತಿ ಮೆಲ್ಲಗೆ ಕೇಳಿದರು, "ನಿಮಗೇನು ಬೇಕು, ಕ್ಲಾಡೆಟ್?"

"ಕಕ್ಕಸು" ಎಂದೆ.

ಮೈಕು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

"ಮೂವತ್ತು ವರ್ಷದಿಂದ ಆ ಮೈದಾನದಲ್ಲಿ ಹೆಂಗಸರಿಗೆ ಹೋಗೋಕೆ ಜಾಗ ಇಲ್ಲ. ಹುಲ್ಲು ನಿಜವಾದದ್ದೋ ಪ್ಲಾಸ್ಟಿಕ್ಕೋ ಅಂತ ಮೂರು ತಿಂಗಳು ಬಡಿದಾಡಿದ್ರಿ. ಅಲ್ಲಿ ನಿಂತು ನೋಡೋರು ನಿಜವಾದ ಮನುಷ್ಯರು. ನಮಗೆ ಬರೋದೂ ನಿಜವಾಗಿಯೇ ಬರುತ್ತೆ. ನನ್ನ ಮನೇಲಿ ಒಂದು ಡ್ರಾಯರ್ ತುಂಬ ಗಮ್ ಇದೆ!"

ಮೊದಲು ನಕ್ಕವಳು ಯಾರೋ ಹಸಿರು ಅಂಗಿಯ ಅಜ್ಜಿ. ಗಮ್ ಎಂದರೇನೆಂದು ಅವಳಿಗೆ ಗೊತ್ತಿತ್ತು. ಆಮೇಲೆ ಹಳದಿ ಕಡೆಯ ತಾಯಂದಿರು. ಆಮೇಲೆ ಎಲ್ಲ ಹೆಂಗಸರೂ. ಗಂಡಸರು ಅರ್ಥವಾಗದೆ ಹೆಂಡತಿಯರ ಮುಖ ನೋಡುತ್ತಿದ್ದರು.

ನಗು ನಿಲ್ಲುವವರೆಗೆ ಕಾದೆ. "ಇನ್ನೊಂದು. ಯಾವಾಗಲೂ ಹುಡುಗರು ಮೊದಲು, ಹುಡುಗೀರು ಅವರು ಬಿಟ್ಟ ಕೆಸರಲ್ಲಿ. ಆ ರೂಲು ಮಾಡಿದ್ದು ನನ್ನ ಗಂಡ. ಅವನು ಒಳ್ಳೆಯವನು. ಈ ವಿಷಯದಲ್ಲಿ ಅವನು ಮಾಡಿದ್ದು ತಪ್ಪು. ಫಲಕದಲ್ಲಿ ಅವನ ಹೆಸರಿದ್ದರೂ ತಪ್ಪೇ. ಒಂದು ಶನಿವಾರ ಅವರು ಮೊದಲು, ಒಂದು ಶನಿವಾರ ಇವರು."

ಸಭಾಪತಿ ಕನ್ನಡಕ ಒರೆಸಿಕೊಂಡರು. ಕಕ್ಕಸನ್ನು ಹಾರ್ಲನ್‌ನ ಪ್ರಸ್ತಾವಕ್ಕೆ ಸೇರಿಸಬಹುದೆಂದರು. ಆಟದ ವೇಳೆ ಸಭೆಯ ವ್ಯಾಪ್ತಿಗೆ ಬರುವುದಿಲ್ಲವಂತೆ. "ಆದರೆ ಕ್ರೀಡಾ ಸಮಿತಿಯ ಅಧ್ಯಕ್ಷರು ಅಲ್ಲೇ ಕೂತಿದ್ದಾರೆ. ಅವರಿಗೆ ಕಿವಿ ಚೆನ್ನಾಗಿ ಕೇಳುತ್ತೆ." ಅಧ್ಯಕ್ಷರು ಗಡಬಡಿಸಿ ತಲೆಯಾಡಿಸಿದರು, ಪಕ್ಕದಲ್ಲಿ ಕೂತಿದ್ದ ಹೆಂಡತಿ ಮೊಣಕೈಯಿಂದ ತಿವಿಯುತ್ತಿದ್ದಳು.

ಆಗ ಮರಿಸೋಲ್ ಎದ್ದಳು. ಕಣ್ಣು ಕೆಂಪಾಗಿತ್ತು. "ನಮ್ಮ ಕಡೆಯವರು ಇದಕ್ಕೆ ಕೈ ಎತ್ತಿ" ಎಂದಳು. ಅಷ್ಟೇ.

ಎದ್ದ ಕೈಗಳನ್ನು ಎಣಿಸಬೇಕಾಗಲೇ ಇಲ್ಲ, ಅಷ್ಟಿದ್ದವು.

ಹೊರಗೆ ಬಂದಾಗ ಹಾರ್ಲನ್ ನನ್ನ ಕೈ ಕುಲುಕಿದ. "ಲೂಸಿಯನ್ ಇದ್ದಿದ್ರೆ..." ಎಂದು ಶುರುಮಾಡಿ, ನನ್ನ ಮುಖ ನೋಡಿ, "ಬಹಳ ಚೆನ್ನಾಗಿ ಮಾತಾಡಿದೆ" ಎಂದ.

ಅಕ್ಟೋಬರ್ 19, ಭಾನುವಾರ

ಮೈದಾನ ಅಗೆದಿದ್ದಾರೆ, ಆದ್ದರಿಂದ ಈ ಹಂಗಾಮು ಹುಡುಗಿಯರ ಆಟ ಪಕ್ಕದ ಊರಿನ ಪ್ಲಾಸ್ಟಿಕ್ಕಿನ ಮೇಲೆ. ವ್ಯಾನ್ ಓಡಿಸುವವನು ಹಾರ್ಲನ್. ವಾಪಸು ಬಂದ ಮೇಲೆ ಒಬ್ಬೊಬ್ಬರ ಬೂಟನ್ನೂ ಹಳೆಯ ಬಕೆಟ್ಟಿಗೆ ಬಡಿದು ಕಾಳು ಉದುರಿಸದೆ ಯಾರನ್ನೂ ಮನೆಗೆ ಬಿಡುವುದಿಲ್ಲ. ಮರಿಸೋಲ್ "ಸರ್, ಬಕೆಟ್ ಮೊದಲೋ, ಗೆದ್ದ ಖುಷಿ ಮೊದಲೋ?" ಎಂದು ಅವನನ್ನು ಕೆಣಕಿದಳು. ಇವತ್ತು ಗೆದ್ದೆವು. ಇಮಾನಿ ಪೆನಾಲ್ಟಿ ತಡೆದಳು. ತನ್ನ ಹೆಸರು ಕೇಳಿ ನಾಯಿ ಮೈದಾನಕ್ಕೆ ನುಗ್ಗಿತು.

ಸಂಜೆ ಈವೆಟ್ ಫೋನ್. ಧ್ವನಿ ಮೆತ್ತಗಿತ್ತು. "ಹೇಗಿದ್ದೀಯ ಅಕ್ಕಾ? ಬೆಳಿಗ್ಗೆಯಿಂದ ಮಾಡ್ತಿದ್ದೀನಿ, ನೀನು ಎತ್ತಲೇ ಇಲ್ಲ. ಒಬ್ಬಳೇ ಕೂತಿದ್ದೀಯೇನೋ ಅಂತ ಗಾಬರಿ."

"ಒಬ್ಬಳೇ? ವ್ಯಾನಲ್ಲಿ ಹದಿನಾಲ್ಕು ಜನ ಇದ್ವಿ ಕಣೇ. ಏನಾಯ್ತು ನಿನಗೆ?"

ಅವಳು ಹೇಳಿದಳು. ಇವತ್ತಿಗೆ ಲೂಸಿಯನ್ ಹೋಗಿ ಒಂದು ವರ್ಷ.

ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿದೆ. ಆಟದ ವಿವರ ಅವನಿಗೆ ಪೂರ್ತಿ ಹೇಳಿದೆ. ಸ್ವಲ್ಪ ಅತ್ತೆ. ಬರುವಾಗ ಹಿಟ್ಟು ಮುಗಿದದ್ದು ನೆನಪಾಗಿ ಅಂಗಡಿಗೆ ಹೋದೆ.

ಮೇ 2, ಶನಿವಾರ

ಇವತ್ತು ಮೈದಾನ ತೆರೆದರು. ಹುಲ್ಲು ಎಂದರೆ ಹುಲ್ಲು, ಕಣ್ಣು ತಂಪಾಗುವಷ್ಟು. ಅದರ ಪಕ್ಕದಲ್ಲಿ ಇಟ್ಟಿಗೆಯ ಪುಟ್ಟ ಕಟ್ಟಡ. ರಿಬ್ಬನ್ ಕತ್ತರಿಸಿದ ಮೇಲೆ ಮೊದಲು ಬಳಸುವವಳು ನಾನೇ ಆಗಬೇಕೆಂದು ಊರೆಲ್ಲ ಹಟ ಹಿಡಿಯಿತು. ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಹೊರಗೆ ಅಷ್ಟೂ ಜನ ಪ್ರಾರ್ಥನೆಗೆ ನಿಂತಂತೆ ಮೌನ. ಆ ಮೌನದಲ್ಲಿ ಯಾರಿಗೆ ತಾನೇ ಬರುತ್ತದೆ? ಕೊನೆಗೆ ಸುಮ್ಮನೆ ನೀರು ಬಿಟ್ಟೆ. ಹೊರಗೆ ಚಪ್ಪಾಳೆ, ಸೀಟಿ, ಕಾರಿನ ಹಾರ್ನುಗಳು.

ಮೊದಲ ಆಟ ಹುಡುಗಿಯರದು. ತೀರ್ಪುಗಾರ ಹೊಸಬ, ಬೇರೆ ಊರಿನವನು. ನಮ್ಮ ಹುಡುಗಿಯನ್ನು ಎದುರಾಳಿ ಎಳೆದು ಬೀಳಿಸಿದ್ದು ಊರಿಗೆಲ್ಲ ಕಂಡಿತು, ಅವನಿಗೆ ಕಾಣಲಿಲ್ಲ. ನಾನು ಗೆರೆಯ ಹತ್ತಿರ ಹೋಗಿ ಕೂಗಿ ಕಾಣಿಸಿದೆ. ಎರಡನೇ ಸಲವೂ ಕಾಣಿಸಿದೆ. ಮೂರನೇ ಸಲ ಅವನು ಆಟ ನಿಲ್ಲಿಸಿ ನನ್ನ ಹತ್ತಿರ ಬಂದ.

"ಅಮ್ಮಾ, ಗೆರೆ ಹತ್ರ ನಿಂತು ಕೂಗೋ ಅಧಿಕಾರ ಕೋಚ್‌ಗಳಿಗೆ ಮಾತ್ರ. ನೀವು ಪ್ರೇಕ್ಷಕರಾದ್ರೆ ಹೊರಗೆ ಹೋಗ್ಬೇಕಾಗುತ್ತೆ."

ನಾನು ಬಾಯಿ ತೆರೆಯುವ ಮೊದಲೇ ಮರಿಸೋಲ್ ಓಡಿಬಂದಳು. "ಪ್ರೇಕ್ಷಕರಲ್ಲ ಸಾರ್. ಇವರು ನಮ್ಮ ಅಸಿಸ್ಟೆಂಟ್ ಕೋಚ್."

"ಯಾವಾಗಿನಿಂದ?"

"ಈಗಿನಿಂದ" ಎಂದಳು. ನನ್ನ ಕಡೆ ತಿರುಗಿ ಹಲ್ಲು ಕಚ್ಚಿ, "ಹೌದು ಅನ್ನಿ!"

ಹೌದು ಎಂದೆ. ಆಟ ಮುಂದುವರಿಯಿತು. ನಾನೂ ಮುಂದುವರಿದೆ.

ಮಂಗಳವಾರ ಸಂಜೆ ಐದಕ್ಕೆ ಅಭ್ಯಾಸ. ಸೀಟಿ ಬೇಕು. ಲೂಸಿಯನ್‌ನದು ಗೂಟದಲ್ಲೇ ತೂಗಾಡುತ್ತಿದೆ, ತೆಗೆದು ಊದಿ ನೋಡಿದೆ. ಅದರ ದನಿ ಅವನದು. ಅದು ಅಲ್ಲೇ ಇರಲಿ. ಸೋಮವಾರ ಹೋಗಿ ನನಗೊಂದು ಹೊಸದು ಕೊಳ್ಳುತ್ತೇನೆ, ಸ್ವಲ್ಪ ಜೋರಾದದ್ದು.